ಪ್ರೊಬೇಷನ್‌ನಲ್ಲಿರುವವರು ಮತ್ತೆ ಅಪರಾಧ ಮಾಡುವ ಅಪಾಯವನ್ನು ಅಂಕಗಳಲ್ಲಿ ಅಳೆಯುವುದು ಸರಿಯೇ? ಅಳೆದ ಮೇಲೆ ಅಧಿಕಾರಿ ಏನು ಮಾಡಬೇಕು?

ತಾವು ಸಮಾಜಕಾರ್ಯದ ವಿದ್ಯಾರ್ಥಿಯಾಗಿ ಕರ್ನಾಟಕದಲ್ಲಿ ಪರಿವೀಕ್ಷಣಾಧಿಕಾರಿಯೊಬ್ಬರ (ಪ್ರೊಬೇಷನ್ ಅಧಿಕಾರಿ, ಎಂದರೆ ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಬಿಟ್ಟವರನ್ನು ನೋಡಿಕೊಳ್ಳುವವರು) ಬಳಿ ಕ್ಷೇತ್ರಕಾರ್ಯ ಮಾಡುತ್ತಿರುವುದಾಗಿ ಬರೆದಿದ್ದೀರಿ. ಕೆನಡಾದಲ್ಲಿ 43 ಅಂಶಗಳ ನಮೂನೆಯೊಂದನ್ನು ತುಂಬಿ, ಬಂದ ಅಂಕದ ಮೇಲೆ ಒಬ್ಬ ವ್ಯಕ್ತಿಯನ್ನು ‘ಕಡಿಮೆ ಅಪಾಯ’ ಅಥವಾ ‘ಹೆಚ್ಚು ಅಪಾಯ’ ಎಂದು ವಿಂಗಡಿಸುತ್ತಾರೆಂದು ಓದಿ, ಮನುಷ್ಯನ ಬದುಕನ್ನು ಹೀಗೆ ಕೂಡಿ ಕಳೆದು ಹೇಳುವುದು ನ್ಯಾಯವೇ ಎಂದು ಕೇಳಿದ್ದೀರಿ. ಇಂಥ ಸಾಧನ ನಮ್ಮಲ್ಲಿಗೂ ಬಂದರೆ ಒಳ್ಳೆಯದೇ ಎಂಬುದು ತಮ್ಮ ಎರಡನೆಯ ಪ್ರಶ್ನೆ. ನಾನು ಒಂಟಾರಿಯೊ ಪ್ರಾಂತದಲ್ಲಿ ಪ್ರೊಬೇಷನ್ ಮತ್ತು ಪೆರೋಲ್ ಅಧಿಕಾರಿಯಾಗಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ, ತಾವು ಹೇಳುವ ನಮೂನೆ ನನ್ನ ದಿನನಿತ್ಯದ ಕೆಲಸದ ಭಾಗ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಅಧಿಕಾರಿಯ ಸೀಮಿತ ಸಮಯ ಯಾರಿಗೆ ಸಲ್ಲಬೇಕು, ಯಾವ ವಿಷಯಕ್ಕೆ ಸಲ್ಲಬೇಕು ಎಂದು ತೀರ್ಮಾನಿಸುವುದಕ್ಕೆ ಈ ಅಂಕ ಬಹಳ ಉಪಯುಕ್ತ. ಆ ತೀರ್ಮಾನದಂತೆ ಮುಂದಿನ ಭೇಟಿಗಳು ನಡೆಯದಿದ್ದರೆ ನಮೂನೆ ತುಂಬಿದ ಶ್ರಮವೆಲ್ಲ ವ್ಯರ್ಥ, ಕೆಲವೊಮ್ಮೆ ಹಾನಿಕರವೂ ಹೌದು.

ಈ ಪದ್ಧತಿ ಕಂಪ್ಯೂಟರಿನ ಜೊತೆ ಬಂದದ್ದೆಂದು ಅನೇಕರು ಭಾವಿಸುತ್ತಾರೆ. ಆದರೆ ಷಿಕಾಗೊದ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ ಅವರು 1928ರಲ್ಲೇ ಇಲಿನಾಯ್ ರಾಜ್ಯದಲ್ಲಿ ಪೆರೋಲ್ ಮೇಲೆ, ಎಂದರೆ ಶಿಕ್ಷೆಯ ಅವಧಿ ಮುಗಿಯುವ ಮುನ್ನವೇ ಷರತ್ತಿನ ಮೇಲೆ, ಬಿಡುಗಡೆಯಾದ ಸುಮಾರು 3000 ಜನರ ಕಡತಗಳನ್ನು ಪರಿಶೀಲಿಸಿ, 21 ಅಂಶಗಳಿಗೆ ಒಂದೊಂದು ಅಂಕ ಕೊಟ್ಟು, ಯಾರು ಷರತ್ತು ಮುರಿಯುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿದ್ದರು. ಅಲ್ಲಿಂದ ಸುಮಾರು ಅರ್ಧ ಶತಮಾನ ಈ ಬಗೆಯ ಪಟ್ಟಿಗಳಲ್ಲಿ ಇದ್ದದ್ದು ಬಹುಮಟ್ಟಿಗೆ ಹಿಂದಿನ ಸಂಗತಿಗಳೇ: ಮೊದಲ ಬಂಧನ ಎಷ್ಟನೆಯ ವಯಸ್ಸಿನಲ್ಲಿ, ಎಷ್ಟು ಬಾರಿ ಶಿಕ್ಷೆ, ಯಾವ ಬಗೆಯ ಅಪರಾಧ. ಅವುಗಳಲ್ಲಿ ಯಾವುದನ್ನೂ ಅಧಿಕಾರಿಯಾಗಲಿ, ಆ ವ್ಯಕ್ತಿಯಾಗಲಿ ಬದಲಾಯಿಸಲಾರರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ಅಪಾಯದ ಪಟ್ಟಿಯ ಪಕ್ಕದಲ್ಲಿ ಅಗತ್ಯಗಳ (ಕೆಲಸ, ಕುಟುಂಬ, ವ್ಯಸನದಂಥ ಬದಲಾಗಬಲ್ಲ ಸಂಗತಿಗಳ) ಪಟ್ಟಿಯನ್ನೂ ಇರಿಸಿತು. ಎರಡನ್ನೂ ಒಂದೇ ನಮೂನೆಯಲ್ಲಿ ಬೆಸೆದ ಕೆಲಸ ನಡೆದದ್ದು ಒಟ್ಟಾವದಲ್ಲಿ. ಕಾರ್ಲ್‌ಟನ್ ವಿಶ್ವವಿದ್ಯಾಲಯದ ಡಾನ್ ಆಂಡ್ರೂಸ್ ಅವರು ಎಂಬತ್ತರ ದಶಕದ ಆರಂಭದಲ್ಲಿ ಒಂಟಾರಿಯೊದ ಪ್ರೊಬೇಷನ್ ಅಧಿಕಾರಿಗಳ ಜೊತೆಗೂಡಿ ಅದನ್ನು ರೂಪಿಸಿದರು. ಅದರ ಪರಿಷ್ಕೃತ ರೂಪ, 54 ಅಂಶಗಳ ಎಲ್‌ಎಸ್‌ಐ-ಆರ್ (ಲೆವೆಲ್ ಆಫ್ ಸರ್ವಿಸ್ ಇನ್ವೆಂಟರಿ-ರಿವೈಸ್ಡ್), 1995ರಲ್ಲಿ ಪ್ರಕಟವಾಯಿತು. ನಮ್ಮ ಪ್ರಾಂತದಲ್ಲಿ ಬಳಕೆಯಲ್ಲಿರುವುದು ಅದರದೇ ಒಂಟಾರಿಯೊ ರೂಪವಾದ 43 ಅಂಶಗಳ ಎಲ್‌ಎಸ್‌ಐ-ಒಆರ್.

ಇದರ ಹಿಂದಿರುವ ತತ್ತ್ವವನ್ನು ಆಂಡ್ರೂಸ್, ಜೇಮ್ಸ್ ಬಾಂಟಾ ಮತ್ತು ರಾಬರ್ಟ್ ಹೋಗ್ 1990ರಲ್ಲಿ ಮಂಡಿಸಿದರು. ಹೆಚ್ಚು ಅಪಾಯವಿರುವವರಿಗೆ ಹೆಚ್ಚು ಗಮನ ಕೊಡಬೇಕು, ಕಡಿಮೆ ಇರುವವರಿಗೆ ಕಡಿಮೆ. ಮರು ಅಪರಾಧಕ್ಕೆ ನೇರವಾಗಿ ಎಡೆಮಾಡಿಕೊಡುವ ಅಗತ್ಯಗಳನ್ನೇ ಹಿಡಿದು ಕೆಲಸ ಮಾಡಬೇಕು. ಆ ಕೆಲಸ ವ್ಯಕ್ತಿಯ ಭಾಷೆ, ಕಲಿಕೆ, ಮನಃಸ್ಥಿತಿ, ದಿನಚರಿಗೆ ಒಗ್ಗುವ ರೀತಿಯಲ್ಲಿರಬೇಕು. ಅಪಾಯ, ಅಗತ್ಯ, ಸ್ಪಂದನೆ ಎಂಬ ಈ ಮೂರನ್ನು ಎಲ್ಲ ತರಬೇತಿಗಳಲ್ಲೂ ಬಾಯಿಪಾಠ ಮಾಡಿಸುತ್ತಾರೆ. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ, ಮೂರನೆಯದು ಕೆಲಸದ ಒತ್ತಡದಲ್ಲಿ ಮೊದಲು ಕೈಬಿಟ್ಟುಹೋಗುತ್ತದೆ.

ನಮೂನೆಯ 43 ಅಂಶಗಳು ಎಂಟು ವಿಭಾಗಗಳಲ್ಲಿ ಹಂಚಿಕೊಂಡಿವೆ: ಅಪರಾಧದ ಹಿನ್ನೆಲೆಗೆ 8, ಶಿಕ್ಷಣ ಮತ್ತು ಉದ್ಯೋಗಕ್ಕೆ 9, ಕುಟುಂಬಕ್ಕೆ 4, ಬಿಡುವಿನ ವೇಳೆಗೆ 2, ಸಹವಾಸಕ್ಕೆ 4, ಮದ್ಯ ಮತ್ತು ಮಾದಕ ವಸ್ತುಗಳಿಗೆ 8, ಅಪರಾಧದ ಬಗೆಗಿನ ಧೋರಣೆಗೆ 4, ಸಮಾಜವಿರೋಧಿ ನಡವಳಿಕೆಯ ಒಟ್ಟು ಚಹರೆಗೆ 4. ಒಟ್ಟು ಅಂಕ 4ರವರೆಗೆ ಇದ್ದರೆ ಅತಿ ಕಡಿಮೆ, 5ರಿಂದ 10 ಕಡಿಮೆ, 11ರಿಂದ 19 ಮಧ್ಯಮ, 20ರಿಂದ 29 ಹೆಚ್ಚು, 30 ಮತ್ತು ಅದಕ್ಕೂ ಮೇಲೆ ಅತಿ ಹೆಚ್ಚು. ಹಳೆಯ ಅಪರಾಧಗಳ ಪಾಲು 43ರಲ್ಲಿ 8 ಮಾತ್ರ ಎಂಬುದನ್ನು ತಾವು ಗಮನಿಸಬೇಕು. ಉಳಿದವುಗಳಲ್ಲಿ ಬಹುಪಾಲು ಇವತ್ತಿನ ಸ್ಥಿತಿಗೆ ಸಂಬಂಧಿಸಿದ್ದು, ಬದಲಾಗಬಲ್ಲದ್ದು. ಅಂಕ ಇಳಿಯುವ ದಾರಿಯನ್ನೂ ಅದೇ ನಮೂನೆ ತೋರಿಸುತ್ತದೆ ಎಂಬ ಕಾರಣಕ್ಕೇ ನಾನು ಈ ಸಾಧನವನ್ನು ಸಮರ್ಥಿಸುತ್ತೇನೆ.

ಈ ಅಂಕಗಳು ಹೇಗೆ ಹುಟ್ಟುತ್ತವೆ ಎಂದು ತಿಳಿಯದೆ ಅವುಗಳ ನ್ಯಾಯಾನ್ಯಾಯ ಹೇಳಲಾಗದು. ಒಬ್ಬ ಯುವಕನ ಉದಾಹರಣೆ ಕೊಡುತ್ತೇನೆ. ಹಲವು ಜನರ ವಿವರಗಳನ್ನು ಬೆರೆಸಿ, ಬದಲಿಸಿ ಹೇಳುತ್ತಿರುವುದರಿಂದ ಇದು ಯಾರೊಬ್ಬರ ಕಥೆಯೂ ಅಲ್ಲ. ನಿಲ್ಲಿಸಿದ ಕಾರುಗಳಿಂದ ವಸ್ತು ಕದ್ದದ್ದಕ್ಕೆ, ಹಿಂದಿನ ಆದೇಶದ ಷರತ್ತು ಮುರಿದದ್ದಕ್ಕೆ ಅವನಿಗೆ ಎರಡು ವರ್ಷ ಪ್ರೊಬೇಷನ್ ಆಗಿತ್ತು. ಬ್ರಾಂಪ್ಟನ್‌ನ ಗೋದಾಮೊಂದರಲ್ಲಿ ರಾತ್ರಿ ಪಾಳಿ ಕೆಲಸ, ದಕ್ಷಿಣ ಏಷ್ಯಾದಿಂದ ಬಂದ ತಂದೆ ತಾಯಿಯ ಜೊತೆ ವಾಸ. “ಗೆಳೆಯರು ಎಂಥವರು?” ಎಂದು ಕೇಳಿದರೆ “ಎಲ್ಲರೂ ಒಳ್ಳೆಯವರೇ” ಎಂಬ ಉತ್ತರ ಬರುತ್ತದೆ, ಆ ಉತ್ತರದಿಂದ ಯಾವ ಅಂಕವನ್ನೂ ಹಾಕಲು ಬರುವುದಿಲ್ಲ. ಕಳೆದ ಶುಕ್ರವಾರ ರಾತ್ರಿ ಪಾಳಿ ಇರಲಿಲ್ಲವಲ್ಲ, ಎಲ್ಲಿದ್ದೆ, ಯಾರ ಕಾರಿನಲ್ಲಿ ಹೋದೆ, ದುಡ್ಡು ಕೊಟ್ಟವರು ಯಾರು, ನಡುರಾತ್ರಿ ದಾರಿಯಲ್ಲಿ ಸಿಕ್ಕಿಕೊಂಡರೆ ಮೊದಲು ಯಾರಿಗೆ ಫೋನ್ ಮಾಡುತ್ತೀಯ ಎಂದು ಒಂದೊಂದಾಗಿ ಕೇಳುತ್ತ ಹೋದಾಗ ಮೂರು ಹೆಸರುಗಳು ಬಂದವು. ಅವರಲ್ಲಿ ಇಬ್ಬರು ಅವನ ಹಳೆಯ ಪ್ರಕರಣದ ಪೊಲೀಸ್ ವರದಿಯಲ್ಲೇ ಇದ್ದರು. ಅಂಕ ಆಮೇಲೆ ಬಿತ್ತು.

ಕುಟುಂಬದ ವಿಭಾಗ ನಮ್ಮಂಥ ಮನೆಗಳಲ್ಲಿ ಇನ್ನೂ ಕಷ್ಟ. ಮನೆಯ ಮಾತು ಹೊಸಿಲು ದಾಟಬಾರದೆಂಬ ಪಾಠವನ್ನು ಕುಡಿದೇ ಬೆಳೆದವರು ನಾವು. ಸರ್ಕಾರದ ಅಧಿಕಾರಿ ಫೋನ್ ಮಾಡಿದರೆ ತಾಯಿ ಹೇಳುವುದು “ಮನೆಯಲ್ಲಿ ಎಲ್ಲ ಚೆನ್ನಾಗಿದೆ” ಎಂದೇ. ಮಗ ಎಷ್ಟು ಹೊತ್ತಿಗೆ ಊಟ ಮಾಡುತ್ತಾನೆ ಎಂದು ಕೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಂದೆ ಲಾರಿ ತೆಗೆದುಕೊಂಡು ಹೊರಟ ಮೇಲೆ ಅವನು ಕೆಳಗೆ ಇಳಿದು ಬರುತ್ತಾನೆ ಎಂದರು. ತಂದೆ ಮಗ ಮಾತು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಅದೇ ಊರಿನ ಬೇರೊಬ್ಬ ಅಧಿಕಾರಿ “ಚೆನ್ನಾಗಿದೆ” ಎಂಬ ಮಾತನ್ನೇ ಬರೆದುಕೊಂಡು ಸೊನ್ನೆ ಹಾಕಿದ್ದರೆ ನಿಯಮದ ಪ್ರಕಾರ ಯಾರೂ ತಪ್ಪು ಹಿಡಿಯಲಾರರು. ಸಾಧನದ ನಿಖರತೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಸಂದರ್ಶನದ ಗುಣಮಟ್ಟದ ಮಾತು ಬರುವುದು ಕಡಿಮೆ. ನನ್ನ ಅನುಭವದಲ್ಲಿ ಅಂಕದ ಬೆಲೆಯ ಬಹುಭಾಗ ಅಲ್ಲೇ ನಿರ್ಧಾರವಾಗುತ್ತದೆ.

ಆ ಯುವಕನಿಗೆ ಕೊನೆಗೆ ಬಂದದ್ದು 21: ಹಿನ್ನೆಲೆಗೆ 4, ಉದ್ಯೋಗಕ್ಕೆ 4, ಕುಟುಂಬಕ್ಕೆ 2, ಬಿಡುವಿಗೆ 2, ಸಹವಾಸಕ್ಕೆ 3, ಮದ್ಯ ಮತ್ತು ಗಾಂಜಾಕ್ಕೆ 5, ಧೋರಣೆಗೆ 1. ಇನ್ನೊಬ್ಬನಿಗೂ 21 ಬರಬಹುದು, ಆದರೆ ಅದರಲ್ಲಿ ಹಿನ್ನೆಲೆಗೆ 8, ಧೋರಣೆಗೆ 4, ಮದ್ಯಕ್ಕೆ ಸೊನ್ನೆ ಇರಬಹುದು. ಇಬ್ಬರೂ ‘ಹೆಚ್ಚು ಅಪಾಯ’ ಎಂಬ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಇಬ್ಬರಿಗೂ ಮಾಡಬೇಕಾದ ಕೆಲಸ ಸಂಪೂರ್ಣ ಬೇರೆ. ಒಟ್ಟು ಮೊತ್ತವನ್ನಷ್ಟೇ ನೋಡಿ ಕಡತ ಮುಚ್ಚುವವರು ನಮೂನೆಯ ಅರ್ಧ ಮಾಹಿತಿಯನ್ನು ಎಸೆದಂತೆ.

ಹಾಗಾದರೆ 21 ಎಂದರೆ ಇವನು ಮತ್ತೆ ಕಳವು ಮಾಡುತ್ತಾನೆ ಎಂದೇ? ಅಲ್ಲ. ಇದೇ ಬಗೆಯ ಅಂಕ ಬಂದ ನೂರಾರು ಜನರ ಗುಂಪಿನಲ್ಲಿ, ಕಡಿಮೆ ಅಂಕದ ಗುಂಪಿಗಿಂತ ಹೆಚ್ಚು ಜನ ಮುಂದೆ ಮತ್ತೆ ಶಿಕ್ಷೆಗೆ ಒಳಗಾದರು ಎಂಬುದಷ್ಟೇ ಅದರ ಅರ್ಥ. ಮತ್ತೆ ಅಪರಾಧ ಮಾಡಿದ ಒಬ್ಬನನ್ನೂ ಮಾಡದ ಒಬ್ಬನನ್ನೂ ಎದುರುಬದುರು ನಿಲ್ಲಿಸಿ ಯಾರ ಅಂಕ ಹೆಚ್ಚಿದೆ ಎಂದು ನೋಡಿದರೆ, ಈ ಬಗೆಯ ಸಾಧನಗಳು ಸಾಮಾನ್ಯವಾಗಿ ಹತ್ತರಲ್ಲಿ ಆರೂವರೆಯಿಂದ ಏಳು ಬಾರಿಯಷ್ಟು ಸರಿಯಾಗಿ ಗುರುತಿಸುತ್ತವೆ. ಕಣ್ಣಂದಾಜಿನ ತೀರ್ಪಿಗಿಂತ ಇದು ಉತ್ತಮ ಎಂಬುದು ಮತ್ತೆ ಮತ್ತೆ ಸಾಬೀತಾಗಿದೆ. ಆದರೆ ಹತ್ತರಲ್ಲಿ ಮೂರು ಬಾರಿ ತಪ್ಪುವ ಅಳತೆಯಿಂದ ಒಬ್ಬ ಮನುಷ್ಯನ ಹಣೆಬರಹ ಬರೆಯಲು ಹೊರಡುವುದು ಅನ್ಯಾಯ. ‘ಹೆಚ್ಚು ಅಪಾಯ’ ಎಂಬ ಮಾತನ್ನು ಆ ವ್ಯಕ್ತಿಯ ಗುಣವೆಂಬಂತೆ ಬಳಸುವವರನ್ನು ನಾನು ಕಚೇರಿಯಲ್ಲಿ ತಡೆದು ಮಾತನಾಡುತ್ತೇನೆ, ಏಕೆಂದರೆ ಆ ಮಾತು ಕಡತದಿಂದ ಕಡತಕ್ಕೆ ದಾಟಿ ಅವನಿಗಿಂತ ಮೊದಲೇ ಎಲ್ಲ ಕಡೆ ಹೋಗಿ ಕೂತಿರುತ್ತದೆ.

ಕಡಿಮೆ ಅಂಕದವರ ವಿಷಯ ತಮಗೆ ಆಶ್ಚರ್ಯವಾಗಬಹುದು. ಅಂಕ 6 ಬಂದವನನ್ನು ವಾರಕ್ಕೊಮ್ಮೆ ಕರೆಸಿದರೆ ಏನು ನಷ್ಟ, ಹೆಚ್ಚು ನಿಗಾ ಇಟ್ಟರೆ ಒಳ್ಳೆಯದೇ ಅಲ್ಲವೇ ಎಂದು ಎಲ್ಲರಿಗೂ ಅನ್ನಿಸುತ್ತದೆ. ಸಿನ್ಸಿನಾಟಿ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಲೋವೆನ್‌ಕ್ಯಾಂಪ್ ಮತ್ತು ಎಡ್ವರ್ಡ್ ಲಟೆಸಾ 2002ರಲ್ಲಿ ಒಹಾಯೊ ರಾಜ್ಯದ ವಸತಿ ಸುಧಾರಣಾ ಕೇಂದ್ರಗಳನ್ನು ಅಧ್ಯಯನ ಮಾಡಿದಾಗ, ಅಲ್ಲಿ ಇರಿಸಿದ್ದರಿಂದ ಹೆಚ್ಚು ಅಪಾಯದವರ ಮರು ಅಪರಾಧ ಅನೇಕ ಕೇಂದ್ರಗಳಲ್ಲಿ ಇಳಿದಿದ್ದರೆ, ಕಡಿಮೆ ಅಪಾಯದವರದು ಬಹುಪಾಲು ಕೇಂದ್ರಗಳಲ್ಲಿ ಏರಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಕೆಲಸ, ಸಂಸಾರ, ಒಳ್ಳೆಯ ಸ್ನೇಹಿತರು ಇದ್ದುದರಿಂದಲೇ ಅವನ ಅಂಕ ಕಡಿಮೆ ಬಂದಿದೆ. ಪದೇ ಪದೇ ರಜೆ ಹಾಕಿಸಿ ಕಚೇರಿಗೆ ಕರೆದರೆ ಕೆಲಸ ಹೋಗುತ್ತದೆ, ಕಾಯುವ ಕೋಣೆಯಲ್ಲೋ ಗುಂಪು ತರಗತಿಯಲ್ಲೋ ಹೊಸ ಪರಿಚಯಗಳು ಬೆಳೆಯುತ್ತವೆ. ಅವನನ್ನು ಸರಿದಾರಿಯಲ್ಲಿ ಹಿಡಿದಿಟ್ಟಿದ್ದನ್ನೇ ನಾವು ಕಿತ್ತುಹಾಕಿದಂತಾಯಿತು. ಅಂಥವರು ಷರತ್ತು ಪಾಲಿಸುತ್ತಿದ್ದಾರೆಯೇ ಎಂದಷ್ಟೇ ನೋಡಿ ಬಿಟ್ಟುಬಿಡಬೇಕೆಂದು ಹೇಳುವ ಧೈರ್ಯ ಅಧಿಕಾರಿಗೆ ಬರುವುದು ಲಿಖಿತ ಅಂಕವೊಂದು ಕೈಯಲ್ಲಿದ್ದಾಗ ಮಾತ್ರ. ಇದು ಈ ಸಾಧನದಿಂದ ಆಗಿರುವ, ಯಾರೂ ಹೆಚ್ಚು ಹೇಳದ ಉಪಕಾರ.

ಇನ್ನು ಅಳೆದ ಮೇಲಿನ ಮಾತು. ಮ್ಯಾನಿಟೋಬಾ ಪ್ರಾಂತದಲ್ಲಿ ಬಾಂಟಾ ಮತ್ತು ಸಂಗಡಿಗರು ಪ್ರೊಬೇಷನ್ ಅಧಿಕಾರಿಗಳ ಭೇಟಿಗಳನ್ನು ಧ್ವನಿಮುದ್ರಿಸಿಕೊಂಡು, ಮುಚ್ಚಿದ ಬಾಗಿಲ ಹಿಂದೆ ನಿಜವಾಗಿ ಏನು ನಡೆಯುತ್ತದೆಂದು ಕೇಳಿಸಿಕೊಂಡರು. 2008ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಈ ವೃತ್ತಿಗೆ ಬರುವ ಪ್ರತಿಯೊಬ್ಬರೂ ಓದಬೇಕೆಂದು ನಾನು ಹೇಳುತ್ತೇನೆ. ಅಪಾಯ ಮತ್ತು ಅಗತ್ಯಗಳ ಮೌಲ್ಯಮಾಪನ ಕಡತದಲ್ಲಿ ಇದ್ದೇ ಇತ್ತು. ಆದರೆ ಅದರಲ್ಲಿ ಗುರುತಿಸಿದ ಅಗತ್ಯಗಳು ಮಾತುಕತೆಯಲ್ಲಿ ಬರುತ್ತಿದ್ದದ್ದು ಅಪರೂಪ, ಅಪರಾಧಕ್ಕೆ ಇಂಬು ಕೊಡುವ ಯೋಚನೆಗಳ ಚರ್ಚೆಯಂತೂ ತೀರಾ ಕಡಿಮೆ. ಪ್ರೊಬೇಷನ್ ಷರತ್ತುಗಳ ಬಗ್ಗೆಯೇ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಮಾತು ನಡೆದ ಭೇಟಿಗಳಿಗೆ ಬಂದವರಲ್ಲಿ ಮರು ಅಪರಾಧದ ಪ್ರಮಾಣ ಹೆಚ್ಚಿತ್ತು. ವಿಳಾಸ ಬದಲಾಗಿದೆಯೇ, ಕರ್ಫ್ಯೂ (ರಾತ್ರಿ ಇಷ್ಟು ಹೊತ್ತಿನ ಮೇಲೆ ಮನೆಯಲ್ಲೇ ಇರಬೇಕೆಂಬ ಷರತ್ತು) ಪಾಲಿಸಿದೆಯಾ, ಸಮುದಾಯ ಸೇವೆಯ ಗಂಟೆ ಎಷ್ಟಾಯಿತು ಎಂದು ಕೇಳಿ ಮುಗಿಸುವ ಭೇಟಿಯಲ್ಲಿ ಆ 43 ಅಂಶಗಳಿಗೆ ಯಾವ ಕೆಲಸವೂ ಇಲ್ಲ. ಬಾಂಟಾ ಅವರ ತಂಡ ಇದನ್ನು ಕಂಡ ಮೇಲೆಯೇ ಭೇಟಿಯೊಳಗಿನ ಮಾತನ್ನು ಹೇಗೆ ನಡೆಸಬೇಕೆಂದು ಅಧಿಕಾರಿಗಳಿಗೆ ಕಲಿಸುವ ತರಬೇತಿಯೊಂದನ್ನು ರೂಪಿಸಿತು, ಅದು ಬೇರೆ ಪ್ರಾಂತಗಳಿಗೂ ಹರಡಿತು.

ಮೇಲಿನ ಯುವಕನ ವಿಷಯದಲ್ಲಿ ಮಾಡಿದ ಮೊದಲ ಕೆಲಸ ಭೇಟಿಯ ಸಮಯ ಬದಲಿಸಿದ್ದು. ಬೆಳಗಿನ 7ಕ್ಕೆ ಪಾಳಿ ಮುಗಿಸಿ ಮಲಗುವವನನ್ನು 9ಕ್ಕೆ ಬರಹೇಳಿ, ಬಾರದಿದ್ದಾಗ ‘ಅಸಹಕಾರ’ ಎಂದು ಬರೆದರೆ ಧೋರಣೆಯ ಅಂಕವೂ ಸುಮ್ಮನೆ ಏರುತ್ತದೆ. ಸಂಜೆ 4ಕ್ಕೆ ಇಟ್ಟ ಮೇಲೆ ಅವನು ತಪ್ಪಿಸಿದ್ದು ಕಡಿಮೆ. ಆಮೇಲೆ ಹಿಡಿದದ್ದು ಪಾಳಿಯಿಲ್ಲದ ಎರಡು ರಾತ್ರಿಗಳನ್ನು. ಬಿಡುವಿಗೆ ಬಿದ್ದ 2, ಸಹವಾಸದ 3, ಗಾಂಜಾದ 5, ಎಲ್ಲವೂ ಆ ಎರಡು ರಾತ್ರಿಗಳಲ್ಲೇ ಗಂಟುಬಿದ್ದಿದ್ದವು. ಯಾರು ಫೋನ್ ಮಾಡುತ್ತಾರೆ, ಏನೆಂದು ಕರೆಯುತ್ತಾರೆ, ಬರುವುದಿಲ್ಲವೆಂದು ಹೇಗೆ ಹೇಳುವುದು ಎಂದು ಮಾತಿನಲ್ಲೇ ಅಭ್ಯಾಸ ಮಾಡಿಸಿದೆವು, ವ್ಯಸನಮುಕ್ತಿ ಸಲಹಾ ಕೇಂದ್ರಕ್ಕೆ ಕಳಿಸಿದೆವು. ತಂದೆಯೊಡನೆ ಮಾತಾಡಿಸುವ ಪ್ರಯತ್ನ ಫಲಿಸಲಿಲ್ಲ. ಮತ್ತೆ ಅಳೆದಾಗ ಉದ್ಯೋಗದಲ್ಲಿ 2, ಮಾದಕ ವಸ್ತುವಿನಲ್ಲಿ 2, ಸಹವಾಸದಲ್ಲಿ 1, ಬಿಡುವಿನಲ್ಲಿ 1 ಇಳಿದು ಒಟ್ಟು 15 ಆಯಿತು; ಕುಟುಂಬದ 2 ಹಾಗೆಯೇ ಉಳಿಯಿತು. ಭೇಟಿಗಳ ಸಂಖ್ಯೆ ಕಡಿಮೆ ಮಾಡಲು ಅಷ್ಟು ಸಾಕಾಯಿತು. ಮರು ಮೌಲ್ಯಮಾಪನ ಮಾಡದೆ ಮೊದಲ ದಿನದ ಅಂಕವನ್ನೇ ಕೊನೆಯವರೆಗೂ ಎಳೆಯುವ ಪದ್ಧತಿ ಎಲ್ಲಿದ್ದರೂ ಅದು ಸಾಧನದ ದುರ್ಬಳಕೆಯೇ.

ನ್ಯಾಯದ ಪ್ರಶ್ನೆಯನ್ನು ತಾವು ಎತ್ತಿದ್ದು ಸರಿಯಾಗಿದೆ, ಅದು ಬಗೆಹರಿದಿಲ್ಲ. ಪೊಲೀಸರು ಯಾವ ಬಡಾವಣೆಯಲ್ಲಿ ಹೆಚ್ಚು ತಪಾಸಣೆ ಮಾಡುತ್ತಾರೋ ಅಲ್ಲಿಯವರ ಹೆಸರಿನಲ್ಲಿ ದಾಖಲೆ ಹೆಚ್ಚು, ದಾಖಲೆ ಹೆಚ್ಚಾದಂತೆ ಅಂಕವೂ ಹೆಚ್ಚು. 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಬಳಸುತ್ತಿದ್ದ ‘ಕಂಪಾಸ್’ ಎಂಬ ಅಪಾಯ ಅಳೆಯುವ ಸಾಧನದ ಅಂಕಗಳನ್ನು ಪರಿಶೀಲಿಸಿ, ಮುಂದೆ ಯಾವ ಅಪರಾಧವನ್ನೂ ಮಾಡದ ಕಪ್ಪು ಜನರಲ್ಲಿ ಸುಮಾರು ಶೇ. 45 ಮಂದಿಗೆ ಹೆಚ್ಚಿನ ಅಪಾಯದ ಪಟ್ಟ ಸಿಕ್ಕಿತ್ತು, ಬಿಳಿಯರಲ್ಲಿ ಅದು ಸುಮಾರು ಶೇ. 23 ಮಾತ್ರ ಎಂದು ತೋರಿಸಿತು. ತಯಾರಕ ಕಂಪನಿ, ಒಂದೇ ಅಂಕ ಬಂದ ಕಪ್ಪು ಜನರಲ್ಲೂ ಬಿಳಿಯರಲ್ಲೂ ಮರು ಅಪರಾಧದ ಪ್ರಮಾಣ ಒಂದೇ ಎಂದು ಉತ್ತರಿಸಿತು. ಎರಡು ಗುಂಪುಗಳಲ್ಲಿ ಮರು ಅಪರಾಧದ ಮೂಲ ಪ್ರಮಾಣವೇ ಬೇರೆಯಾಗಿದ್ದಾಗ ಈ ಎರಡು ಬಗೆಯ ಸಮಾನತೆಯನ್ನು ಒಟ್ಟಿಗೆ ಸಾಧಿಸಲು ಬರುವುದಿಲ್ಲವೆಂದು ಗಣಿತಜ್ಞರು ಆಮೇಲೆ ತೋರಿಸಿಕೊಟ್ಟರು. ಅದೇ ವರ್ಷ ವಿಸ್ಕಾನ್ಸಿನ್‌ನ ಸರ್ವೋಚ್ಚ ನ್ಯಾಯಾಲಯ ಲೂಮಿಸ್ ಪ್ರಕರಣದಲ್ಲಿ, ಶಿಕ್ಷೆ ವಿಧಿಸುವಾಗ ಅಂಕವನ್ನು ನೋಡಬಹುದು, ಆದರೆ ಅದೇ ನಿರ್ಣಾಯಕವಾಗಬಾರದು, ಅದರ ಮಿತಿಗಳನ್ನು ವರದಿಯಲ್ಲೇ ಲಿಖಿತವಾಗಿ ಎಚ್ಚರಿಸಬೇಕು ಎಂದಿತು. ಕೆನಡಾದಲ್ಲಿ 2018ರ ಇವರ್ಟ್ ತೀರ್ಪು ನಮಗೆಲ್ಲ ಮುಖ್ಯ. ಮೂಲನಿವಾಸಿ ಕೈದಿಗಳ ವಿಷಯದಲ್ಲಿ ಕೆಲವು ಮೌಲ್ಯಮಾಪನ ಸಾಧನಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಪರೀಕ್ಷಿಸದೆ ಬಳಸುತ್ತ ಬಂದ ಕೇಂದ್ರ ಸರ್ಕಾರದ ಸುಧಾರಣಾ ಇಲಾಖೆ ಕಾನೂನಿನ ಹೊಣೆಯನ್ನು ನಿರ್ವಹಿಸಿಲ್ಲವೆಂದು ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿತು.

ಅಧಿಕಾರಿ ತನ್ನ ವಿವೇಚನೆಯಿಂದ ಅಂಕದ ವರ್ಗವನ್ನು ಬದಲಾಯಿಸಬಹುದು. ಆದರೆ ಒಂಟಾರಿಯೊದ ಕಡತಗಳ ಮೇಲೆ ನಡೆದ ಸಂಶೋಧನೆಯಲ್ಲೇ, ಹೀಗೆ ಬದಲಾಯಿಸಿದ್ದು ಹೆಚ್ಚಾಗಿ ಮೇಲಕ್ಕೆ ಎಂದೂ, ಅದರಿಂದ ನಿಖರತೆ ಕುಗ್ಗಿತೆಂದೂ ಕಂಡುಬಂದಿದೆ. ಅಪರಾಧದ ಸ್ವರೂಪ ಕೇಳಿ ಗಾಬರಿಯಾದಾಗ ಕೈ ಮೇಲಕ್ಕೇ ಹೋಗುತ್ತದೆ. ಹೆಂಡತಿಯ ಮೇಲಿನ ಹಲ್ಲೆಗೆ ಒಂಟಾರಿಯೊದಲ್ಲೇ ರೂಪಿಸಿದ 13 ಅಂಶಗಳ ಒಡಾರಾ, ಲೈಂಗಿಕ ಅಪರಾಧಗಳಿಗೆ 10 ಅಂಶಗಳ ಸ್ಟ್ಯಾಟಿಕ್-99ಆರ್ ಎಂಬ ಪ್ರತ್ಯೇಕ ಸಾಧನಗಳಿವೆ. ಸಾಮಾನ್ಯ ನಮೂನೆಯ ಅಂಕವನ್ನು ಅಂದಾಜಿನಿಂದ ಏರಿಸುವ ಬದಲು ಅವನ್ನು ಬಳಸುವುದೇ ಸರಿ.

ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. 43 ಅಂಶಗಳ ಈ ಪಟ್ಟಿಯನ್ನು ಕನ್ನಡಕ್ಕೆ ತಂದು, ಅದೇ ಗಡಿ ಅಂಕಗಳನ್ನು ಇಟ್ಟುಕೊಂಡು ಕರ್ನಾಟಕದಲ್ಲಿ ಬಳಸುವುದನ್ನು ನಾನು ಒಪ್ಪುವುದಿಲ್ಲ. 20 ಎಂಬ ಗಡಿ ಇಲ್ಲಿಯ ಜನರ ಮೇಲೆ, ಇಲ್ಲಿಯ ಪೊಲೀಸ್ ದಾಖಲೆ ಮತ್ತು ಉದ್ಯೋಗ ವ್ಯವಸ್ಥೆಯ ನಡುವೆ ಪರೀಕ್ಷಿಸಿದ್ದು. ದಿನಗೂಲಿಯ ಊರಿನಲ್ಲಿ ‘ಒಂದೇ ಕಡೆ ಒಂದು ವರ್ಷ ಕೆಲಸ ಮಾಡಿಲ್ಲ’ ಎಂಬುದಕ್ಕೆ ಅಂಕ ಹಾಕಿದರೆ ಬಡತನವನ್ನೇ ಅಪಾಯವೆಂದು ಬರೆದಂತೆ. ಅಲ್ಲಿಯ ಕಡತಗಳನ್ನು ವರ್ಷಗಳ ಕಾಲ ಹಿಂಬಾಲಿಸಿ ಪರೀಕ್ಷಿಸಿದ ಮೇಲಷ್ಟೇ ಅಂಕದ ಮಾತು.

ಆದರೆ ಅಗತ್ಯಗಳನ್ನು ಕ್ರಮವಾಗಿ ಗುರುತಿಸಿ, ಭೇಟಿಯ ಮಾತನ್ನು ಅವುಗಳಿಗೇ ಕಟ್ಟಿಹಾಕುವ ಕ್ರಮಕ್ಕೆ ಕಾಯಬೇಕಾದ್ದಿಲ್ಲ, ಅದಕ್ಕೆ ಬೇಕಾದ ಕಾನೂನಿನ ಜಾಗ ತಮ್ಮಲ್ಲಿ ಈಗಾಗಲೇ ಇದೆ. 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ 4ನೆಯ ಪ್ರಕರಣದಂತೆ ನ್ಯಾಯಾಲಯ ಗರಿಷ್ಠ ಮೂರು ವರ್ಷದವರೆಗೆ ಬಾಂಡ್ ಬರೆಸಿಕೊಂಡು ಬಿಡುಗಡೆ ಮಾಡುವಾಗ ಪರಿವೀಕ್ಷಣಾಧಿಕಾರಿಯ ವರದಿ ಇದ್ದರೆ ಅದನ್ನು ಪರಿಗಣಿಸಲೇಬೇಕು. ಕಾನೂನಿನ ಸಂಘರ್ಷಕ್ಕೆ ಒಳಗಾದ ಮಕ್ಕಳ ವಿಷಯದಲ್ಲಿ 2016ರ ಮಾದರಿ ನಿಯಮಗಳ 6ನೆಯ ನಮೂನೆಯ ಸಾಮಾಜಿಕ ತನಿಖಾ ವರದಿ ಮನೆ, ಶಾಲೆ, ಸಹವಾಸ, ಅಭ್ಯಾಸಗಳನ್ನೆಲ್ಲ ಕೇಳುತ್ತದೆ. ತಮ್ಮ ಕ್ಷೇತ್ರಕಾರ್ಯದಲ್ಲಿ ಆ ನಮೂನೆ ತುಂಬುವ ಅವಕಾಶ ಸಿಕ್ಕರೆ, ‘ಗೆಳೆಯರು’ ಎಂಬ ಅಂಕಣದಲ್ಲಿ ‘ಕೆಟ್ಟ ಸಹವಾಸ’ ಎಂದು ಒಂದೇ ಮಾತು ಬರೆಯುವ ಬದಲು ಯಾರೊಡನೆ, ಯಾವ ಹೊತ್ತಿನಲ್ಲಿ, ಎಲ್ಲಿ ಎಂದು ಬರೆಯಿರಿ. ಆ ಹುಡುಗನ ಜೊತೆ ನಿಂತಿರುವ ಒಬ್ಬ ಸೋದರಮಾವನೋ ಶಿಕ್ಷಕರೋ ಇದ್ದರೆ ಅವರ ಹೆಸರನ್ನೂ ಬರೆಯಿರಿ, ಒಳ್ಳೆಯ ಆಸರೆಯೂ ಮೌಲ್ಯಮಾಪನದ ಭಾಗವೇ. ಎರಡನೆಯ ಭೇಟಿಗೆ ಹೋಗುವ ಮುನ್ನ ಆ ಪುಟವನ್ನು ಒಮ್ಮೆ ಓದಿಕೊಂಡು, ಅಂದು ಮಾತಾಡಬೇಕಾದ ಒಂದೇ ಒಂದು ವಿಷಯವನ್ನು ಆರಿಸಿಕೊಂಡು ಹೋಗಿ. ತಮ್ಮ ಮೇಲಿನ ಅಧಿಕಾರಿಗಳು ಒಪ್ಪಿದರೆ, ಆರು ತಿಂಗಳ ನಂತರ ಅದೇ ಅಂಕಣಗಳನ್ನು ಮತ್ತೆ ತುಂಬಿ ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಯಾವ ಅಂಕಣ ಬದಲಾಗದೆ ನಿಂತಿದೆಯೋ ಮುಂದಿನ ಭೇಟಿಗಳನ್ನು ಅಲ್ಲಿಂದ ಶುರುಮಾಡಬಹುದು.